ಹಿಂಡಿಗೊಂದು ಟಗರು

ಭಾತಂಬ್ರಾ
16 ಅಕ್ಟೋಬರ್ 2022

ಉತ್ತಮಣ್ಣನವರಿಗೆ ಜೈಭೀಮ್, ಶರಣು.

ಡಬ್ಬಿಯ ಜೊತೆ ಈ ಕಾಗದವನ್ನೂ ಇಟ್ಟಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೋಲ್ಕತಾದ ಸಂಗ್ರಹಾಲಯ ಸೇರಿದ ಮೇಲೆ ನೀವು ಫೋನಿನಲ್ಲಿ ಬರೀ ‘ಹೂಂ, ಹೂಂ’ ಅನ್ನುವುದನ್ನು ಕಲಿತಿದ್ದೀರಿ. ಕಾಗದಕ್ಕೆ ಹೂಂಗುಟ್ಟಿದರೆ ನಡೆಯುವುದಿಲ್ಲ, ಕೂತು ಉತ್ತರ ಬರೆಯಬೇಕು.

ಡಬ್ಬಿಯಲ್ಲಿರುವುದು ನಮ್ಮೂರ ಬೋರಿದಿನ್ನಿಯ ನೀಲಿ ಚಿಟ್ಟೆಗಳು, ಆರು ಗಂಡು. ಬೀದರಿನಲ್ಲಿ ಎಂ.ಎಸ್ಸಿ. ಓದುವಾಗ ತ್ರಿಕೋನದ ಲಕೋಟೆ ಮಡಿಸುವುದನ್ನು ನನಗೆ ಕಲಿಸಿದವರು ನೀವೇ. ರೆಕ್ಕೆ ಮುರಿದಿದ್ದರೆ ಅದು ಗುರುವಿನ ತಪ್ಪು. ಉಗುರಿನಷ್ಟು ಜೀವ, ಉಸಿರು ತಾಗಿದರೆ ಹರಿಯುವಂಥ ರೆಕ್ಕೆ. ಕೆಳಗೆ ಹೊಲದ ಬದುವಿನ ಬೋರೆ ಕಂಟಿಗಳಲ್ಲಿ ವರ್ಷವಿಡೀ ಹಾರುವ ಟ್ಯಾರುಕಸ್ ಚಿಟ್ಟೆಯೇ ಇದೂ ಎಂದು ಇಷ್ಟು ದಿನ ತಿಳಿದಿದ್ದೆ. ಆದರೆ ದಿನ್ನಿಯ ಮೇಲಿನವು ಮಳೆ ಹಿಂದೆ ಸರಿದ ನಂತರ ಮೂರು ವಾರ ಮಾತ್ರ ಹಾರುತ್ತವೆ. ಉಳಿದಂತೆ ವರ್ಷವೆಲ್ಲ ಕಂಟಿಯ ಬುಡದ ಇರುವೆಗೂಡಿನಲ್ಲಿ ಕೋಶ ಕಟ್ಟಿಕೊಂಡು ಮಲಗಿರುತ್ತವೆ. ಕೆಳಗಿನವು ಮೇಲೆ ಬರುವುದಿಲ್ಲ, ಮೇಲಿನವು ಕೆಳಗೆ ಇಳಿಯುವುದಿಲ್ಲ. ಒಂದೇ ಊರಿನ ಎರಡು ಓಣಿಗಳ ಮಾತು ನಿಮಗೆ ಹೇಳಿಕೊಡಬೇಕಿಲ್ಲ.

ಅವಸರಕ್ಕೆ ಕಾರಣವಿದೆ. ದಿನ್ನಿಯನ್ನು ಮುರುಮು ಮಣ್ಣಿನ ಗಣಿಗೆ ಗುತ್ತಿಗೆ ಕೊಡಬೇಕೆಂಬ ಅರ್ಜಿ ಬೀದರಿನಲ್ಲಿ ವಿಚಾರಣೆಗೆ ಬಂದಿದೆ. ನಮ್ಮ ಕುರಿಗಳು ಅಜ್ಜನ ಅಜ್ಜನ ಕಾಲದಿಂದ ಮೇಯುವುದು ಅಲ್ಲೇ. ಅಪ್ಪ ತಕರಾರು ಹಾಕಿದರೆ ಗುತ್ತಿಗೆದಾರ ಎಲ್ಲರೆದುರು ಕೇಳಿದನಂತೆ: “ವೈಜಿನಾಥ, ಕುರಿ ಎಲ್ಲಿ ಬೇಕಾದ್ರೂ ಮೇಯ್ತಾವ. ಆ ದಿನ್ನ್ಯಾಗ ಅಂಥಾದ್ದ ಏನದ?” ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಭಾಲ್ಕಿ ಕಾಲೇಜಿನಲ್ಲಿ ಪಾಠ ಹೇಳುವ ಮಗಳಿಗಾದರೂ ಹೊಳೆಯಬೇಡವೇ? ಬೇರೆಲ್ಲೂ ಇಲ್ಲದ ಒಂದು ಜೀವಿ ಅಲ್ಲಿದೆ ಎಂದು ನಿಮ್ಮಂಥವರು ಹೆಸರು ಸಮೇತ ಬರೆದುಕೊಟ್ಟರೆ ದಿನ್ನಿ ಉಳಿಯುತ್ತದೆ. ಇಲ್ಲದಿದ್ದರೆ ಯಾರಾದರೂ ಕುರಿ ಕೇಳಿ ಮಸಾಲೆ ಅರೆಯುತ್ತಾರೆಯೇ?

ನಿಮ್ಮ
ಸಿದ್ದೇಶ್ವರಿ


ಕೋಲ್ಕತಾ
14 ನವೆಂಬರ್ 2022

ಸಿದ್ದೇಶ್ವರಿ, ಜೈಭೀಮ್.

ರೆಕ್ಕೆ ಒಂದೂ ಮುರಿದಿಲ್ಲ. ಗುರು ಪಾಸಾದ.

ಈ ಗುಂಪನ್ನು ರೆಕ್ಕೆ ನೋಡಿ ವಿಂಗಡಿಸಲು ಹೋದವರೆಲ್ಲ ಕೈಸುಟ್ಟುಕೊಂಡಿದ್ದಾರೆ. ಅದೇ ಚುಕ್ಕೆ, ಅದೇ ಗೆರೆ, ಅದೇ ನೀಲಿ. ಹಾರುವಾಗಲಂತೂ ಯಾವ ಪಂಡಿತನಿಗೂ ಗುರುತು ಸಿಕ್ಕುವುದಿಲ್ಲ. ಗಂಡನ್ನು ಕೊಂದು, ಹೊಟ್ಟೆಯ ತುದಿಯನ್ನು ಕ್ಷಾರದಲ್ಲಿ ಕುದಿಸಿ, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಬೇಕು. ಹೆಣ್ಣನ್ನು ಕೂಡುವಾಗ ಹಿಡಿದುಕೊಳ್ಳುವ ಎರಡು ಹಿಡಿಕೆಗಳು ಅಲ್ಲಿರುತ್ತವೆ. ಹೊಲದ ಜಾತಿಯಲ್ಲಿ ಅವು ನೆಟ್ಟಗಿವೆ. ನಿನ್ನ ಆರರಲ್ಲೂ ಕುಡುಗೋಲಿನ ಹಾಗೆ ಒಳಕ್ಕೆ ಬಾಗಿವೆ! ಆರನೆಯದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ, ಹೊರಗೆ ಹೋಗಿ ಚಹಾ ಕುಡಿದು ಬಂದೆ. ಹೊಸ ಜಾತಿ ಇರಬಹುದು, ಸಿದ್ದೇಶ್ವರಿ.

ಆದರೆ ನಮ್ಮ ವಿಭಾಗದ ಮುಖ್ಯಸ್ಥ ಬಾಗ್ಚಿ ಸಾಹೇಬರಿಗೆ ಆರು ಸಾಲದು. ಒಂದೇ ಜಾತಿಯ ಹತ್ತಾರು ಮಾದರಿಗಳ ದೊಡ್ಡ ಸರಣಿ ಬೇಕು, ಬೇರೆ ಸಂಗ್ರಹಾಲಯಗಳಿಗೂ ಹಂಚಬೇಕು ಅನ್ನುತ್ತಾರೆ. ಈ ವರ್ಷದ ಹಂಗಾಮು ಮುಗಿಯಿತು. ಮುಂದಿನ ಅಕ್ಟೋಬರಿನಲ್ಲಿ ಸಿಕ್ಕಷ್ಟು ಗಂಡುಗಳನ್ನು ಕಳಿಸು. ಹೆಣ್ಣು ಬೇಡ, ಅವುಗಳಿಂದ ವಿಂಗಡಣೆಗೆ ಉಪಯೋಗವಿಲ್ಲ. ಅಲ್ಲಿಯವರೆಗೆ ವಿಚಾರಣೆಯನ್ನು ಹೇಗಾದರೂ ಮುಂದೂಡಿಸಿರಿ.

ಇನ್ನೊಂದು ಮಾತು. ಔರಾದ ಕಡೆ ಹೋದರೆ ಠಾಣಾ ಕುಶನೂರಿನಲ್ಲಿ ಇಳಿದು ಅವ್ವನನ್ನು ನೋಡಿಕೊಂಡು ಬಾ. ನಾನಿಲ್ಲಿ ಚಿಟ್ಟೆಗಳ ಫೋಟೋ ತೆಗೆಯುತ್ತೇನೆ ಎಂದಷ್ಟೇ ಅವಳಿಗೆ ಗೊತ್ತು. ದಿನಾ ಬೆಳಗ್ಗೆ ಪಂಚಶೀಲ ಹೇಳುವ ಹೆಂಗಸಿಗೆ, ಜೀವ ತೆಗೆಯುವುದಿಲ್ಲ ಎಂಬ ಮಾತಿನಿಂದಲೇ ದಿನ ಶುರುಮಾಡುವವಳಿಗೆ, ನಿನ್ನ ಮಗ ಚಿಟ್ಟೆಗಳ ಎದೆ ಹಿಸುಕಿ ಸಂಬಳ ಎಣಿಸುತ್ತಾನೆ ಎಂದು ಹೇಗೆ ಹೇಳಲಿ? ನೀನೂ ಹೇಳಬೇಡ.

ಉತ್ತಮ


ಭಾಲ್ಕಿ
21 ಜನವರಿ 2023

ಉತ್ತಮಣ್ಣಾ,

ಜಿಜಾಬಾಯಿ ಆಯಿಯನ್ನು ನೋಡಿ ಬಂದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಗಟ್ಟಿ ಇದ್ದಾರೆ, ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲವಂತೆ.

“ನಮ್ಮ ಉತ್ತಮ ಅಲ್ಲಿ ಖರೇನ ಏನ ಮಾಡ್ತಾನವಾ?” ಎಂದು ಕೇಳಿದರು.

“ಪಾತರಗಿತ್ತಿಗೋಳಿಗಿ ಹೆಸರ ಇಡ್ತಾರ್ರಿ ಆಯಿ.”

“ಹೆಸರ ಇಡಾಕ ಪಗಾರ ಕೊಡ್ತಾರಾ? ನಾ ಈ ಓಣ್ಯಾಗಿನ ಅರ್ಧಾ ಮಕ್ಕಳಿಗಿ ಪುಕ್ಕಟ ಇಟ್ಟೀನಿ!”

ಇಬ್ಬರೂ ನಕ್ಕೆವು. ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ ಕಳಿಸಿದರು. ಅವರಿಗೆ ಸುಳ್ಳು ಹೇಳಿದ ಪಾಪದಲ್ಲಿ ಅರ್ಧ ನಿಮ್ಮದು, ನೆನಪಿರಲಿ.

ವಿಚಾರಣೆ ಮುಂದಕ್ಕೆ ಹೋಗಿದೆ. ಹೊಸ ಜಾತಿ ಇರಬಹುದು ಎಂಬ ನಿಮ್ಮ ಚೀಟಿಯನ್ನು ಅಪ್ಪ ಬೀದರಿಗೆ ಒಯ್ದು ತೋರಿಸಿದ. ‘ಇರಬಹುದು’ ನಡೆಯುವುದಿಲ್ಲ, ಅಚ್ಚಾದ ಲೇಖನ ಬೇಕು ಎಂದರಂತೆ. ಅಚ್ಚಿಗೆ ಬೇಕಾದ ಗಂಡುಗಳನ್ನು ನಾನು ಒದಗಿಸುತ್ತೇನೆ. ಅದು ನನ್ನ ಮೇಲಿರಲಿ.

ಸಿದ್ದೇಶ್ವರಿ


ಭಾತಂಬ್ರಾ
29 ಅಕ್ಟೋಬರ್ 2023

ಉತ್ತಮಣ್ಣಾ, ಶರಣು.

ತಗೊಳ್ಳಿ ನಿಮ್ಮ ಸಾಹೇಬರ ಸರಣಿ. ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ, ದಾರ ಕಟ್ಟಿದ್ದೇನೆ.

ಹಿಡಿಯುವುದು ಕಷ್ಟವೇ ಆಗಲಿಲ್ಲ. ಗಂಡುಗಳು ಮೊದಲು ಹೊರಗೆ ಬಂದು ಕಂಟಿಯ ತುದಿಯಲ್ಲಿ ಕೂತು ಹೆಣ್ಣಿನ ದಾರಿ ಕಾಯುತ್ತವೆ. ಹೆಣ್ಣು ಬರುವುದು ನಾಲ್ಕಾರು ದಿನ ತಡವಾಗಿ. ಕಾಯುತ್ತ ಕೂತವನ್ನು ಕೈಯಿಂದಲೇ ಎತ್ತಿಕೊಂಡೆ. ದಿನ್ನಿಯ ಒಂದು ಕಂಟಿಯನ್ನೂ ಬಿಡದೆ ಸುತ್ತಿದ್ದೇನೆ, ಮೊಣಕೈವರೆಗೆ ಮುಳ್ಳಿನ ಗೀರು.

ನೀವು ಗಾಬರಿಯಾಗಬೇಡಿ. ಕುರುಬರ ಮಗಳಿಗೆ ಹಿಂಡು ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ನಮ್ಮಲ್ಲಿ ಗಂಡುಮರಿಗಳನ್ನೆಲ್ಲ ಸಂತೆಗೆ ಹೊಡೆದು ಒಂದು ಒಳ್ಳೆ ಟಗರನ್ನು ಉಳಿಸಿಕೊಳ್ಳುತ್ತೇವೆ. ನಾನು ಲಕೋಟೆ ಮಡಿಸುತ್ತಿದ್ದಾಗ ಅಜ್ಜಿ ಸತ್ಯಮ್ಮ ಪಕ್ಕದಲ್ಲೇ ಕೂತು ಅದನ್ನೇ ಹೇಳಿದಳು: “ಹಿಂಡಿಗೊಂದು ಟಗರ ಸಾಕವಾ. ಗಂಡು ಹೆಚ್ಚಾದ್ರ ಬರೇ ಗುದ್ದಾಟ. ಹೆಣ್ಣ ಉಳೀತು ಅಂದ್ರ ಹಿಂಡ ಉಳೀತು.” ಹಾಗೆಯೇ ಮಾಡಿದೆ. ಕಂಟಿಗೊಂದು ಟಗರು ಬಿಟ್ಟು ಉಳಿದದ್ದನ್ನು ನಿಮಗೆ ಕಳಿಸಿದ್ದೇನೆ. ಹೆಣ್ಣು ಒಂದನ್ನೂ ಮುಟ್ಟಿಲ್ಲ.

ಇನ್ನು ಬೇಗ ಬರೆಯಿರಿ. ಬೇಸಿಗೆಗೆ ಅಗೆಯುವ ಯಂತ್ರ ತರಿಸುತ್ತೇನೆ ಎಂದು ಗುತ್ತಿಗೆದಾರ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ.

ಸಿದ್ದೇಶ್ವರಿ


ಕೋಲ್ಕತಾ
18 ಡಿಸೆಂಬರ್ 2023

ನನ್ನ ಪ್ರೀತಿಯ ಸಿದ್ದೇಶ್ವರಿ,

ಗೆದ್ದೆವು. ಎಲ್ಲವೂ ಕುಡುಗೋಲು! ಒಂದೂ ನೆಟ್ಟಗಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು, ಅವರು ತಟ್ಟಿದ್ದನ್ನು ಇಲ್ಲಿ ಯಾರೂ ನೋಡಿರಲಿಲ್ಲ. ಲೇಖನ ಕಳಿಸಿದ್ದೇವೆ. ಹೆಸರು ನಿನ್ನದೇ. ಕನ್ನಡದಲ್ಲಿ ‘ಸಿದ್ದೇಶ್ವರಿ ನೀಲಿ’ ಅನ್ನೋಣ. ಬೇಡ ಅನ್ನಬೇಡ, ತೀರ್ಮಾನವಾಗಿಹೋಗಿದೆ.

ನಿನ್ನ ಟಗರಿನ ಮಾತನ್ನು ಸಾಹೇಬರಿಗೆ ಅನುವಾದಿಸಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಹೊಸಬರು ಯಾರೇ ಬರಲಿ, ಇವನ ಊರಿನಲ್ಲಿ ಚಿಟ್ಟೆಗಳನ್ನು ಕುರಿಯಂತೆ ಕಾಯುತ್ತಾರೆ ಎಂದು ಪರಿಚಯಿಸುತ್ತಾರೆ.

ನಗುವಂಥ ಇನ್ನೊಂದು ಸಂಗತಿ. ಇಲ್ಲಿಯ ಗೆಳೆಯನೊಬ್ಬ ಹೊಲದ ಜಾತಿಯನ್ನು ಪಂಜರದಲ್ಲಿ ಸಾಕಿದ್ದಾನೆ. ಗಂಡು ಒಮ್ಮೆ ಕೂಡಿತೆಂದರೆ ಮುಗಿಯಿತು, ಮತ್ತೆ ಶಕ್ತಿ ಕೂಡಿಸಿಕೊಳ್ಳಲು ದಿನಗಳೇ ಬೇಕು. ಅದರ ಆಯುಷ್ಯವೇ ಅಷ್ಟು. ಹೆಣ್ಣಾದರೋ ಹೊರಬಂದ ದಿನವೇ ಗಂಡು ಸಿಕ್ಕದಿದ್ದರೆ ಕಾಯುವುದಿಲ್ಲ, ಹಾಗೆಯೇ ಮೊಟ್ಟೆ ಇಟ್ಟುಬಿಡುತ್ತದೆ. ಎಲ್ಲ ಟೊಳ್ಳು, ಒಂದರಿಂದಲೂ ಹುಳು ಬರುವುದಿಲ್ಲ. ಪಾಪ, ಒಂದೊಂದನ್ನೂ ಎಲೆಯ ಬುಡ ಹುಡುಕಿ ಅದೆಷ್ಟು ಜತನದಿಂದ ಇಡುತ್ತದೆ ಗೊತ್ತೇ! ನಮ್ಮ ಜಾತಿಯೂ ಹೀಗೆಯೇ ಇರಬೇಕು. ಮುಂದಿನ ಲೇಖನ ಅದರ ಮೇಲೆ ಬರೆಯೋಣ, ನೀನೂ ನಾನೂ.

ನಿನ್ನ
ಉತ್ತಮಣ್ಣ


ಕೋಲ್ಕತಾ
11 ಮಾರ್ಚ್ 2024

ಸಿದ್ದೇಶ್ವರಿ,

ಎರಡು ತಿಂಗಳ ಮೇಲಾಯಿತು, ಕಾಗದವಿಲ್ಲ. ಫೋನ್ ಎತ್ತುವುದಿಲ್ಲ. ಅವ್ವನನ್ನು ಕೇಳಿದರೆ ‘ಆ ಹುಡುಗಿ ಸಂಕ್ರಮಣಕ್ಕೆ ಬಂದಿದ್ದಳು, ಉಣ್ಣಲಿಲ್ಲ, ಸುಮ್ಮನೆ ಕೂತು ಎದ್ದುಹೋದಳು’ ಅನ್ನುತ್ತಾಳೆ.

ಹೆಸರಿನ ವಿಷಯಕ್ಕೆ ಬೇಸರವೇ? ಒಬ್ಬ ಗಂಡಸು ಮದುವೆಯಾಗದ ಹುಡುಗಿಯ ಹೆಸರನ್ನು ಚಿಟ್ಟೆಗೆ ಇಟ್ಟ ಎಂದು ಊರಲ್ಲಿ ಯಾರಾದರೂ ಏನಾದರೂ ಅಂದರೇ? ಅದರಲ್ಲೂ ನಮ್ಮ ಓಣಿಯ ಗಂಡಸು? ಅಂದಿದ್ದರೆ ನೇರವಾಗಿ ಬರೆ, ನಾನು ನೊಂದುಕೊಳ್ಳುವುದಿಲ್ಲ. ಬದಲಿಸಲು ಇನ್ನೂ ಸಮಯವಿದೆ.

ಉತ್ತಮ


ಭಾಲ್ಕಿ
2 ಏಪ್ರಿಲ್ 2024

ಉತ್ತಮಣ್ಣನವರಿಗೆ,

ಯಾರೂ ಏನೂ ಅಂದಿಲ್ಲ. ಅಂಥ ಮಾತಿಗೆ ಕಿವಿಗೊಡುವವಳು ನಾನಲ್ಲ ಎಂದು ನಿಮಗೆ ಗೊತ್ತಿರಬೇಕಿತ್ತು.

ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಹೆಸರು ಮಾತ್ರ ನನ್ನದು ಬೇಡ. ಅಜ್ಜಿ ಹೇಳುವಂತೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು. ದಿನ್ನಿಯ ಹೆಸರನ್ನೇ ಇಡಿ, ಬೇರೆ ಯಾರದಾದರೂ ಇಡಿ.

ಲೇಖನವನ್ನು ಮಾತ್ರ ನಿಲ್ಲಿಸಬೇಡಿ. ಯಂತ್ರ ಬಂದು ದಿನ್ನಿಯ ಕೆಳಗೆ ನಿಂತಿದೆ. ಅಪ್ಪ ಅದರ ಮುಂದೆಯೇ ಕುರಿ ತರುಬಿಕೊಂಡು ಮಲಗುತ್ತಾನೆ.

ಸಿದ್ದೇಶ್ವರಿ


ಕೋಲ್ಕತಾ
19 ಆಗಸ್ಟ್ 2024

ಸಿದ್ದೇಶ್ವರಿ,

ಲೇಖನ ಅಚ್ಚಾಗಿದೆ, ಪ್ರತಿ ಇಟ್ಟಿದ್ದೇನೆ. ನಿನ್ನ ಹೆಸರೇ ಇದೆ. ಬದಲಿಸಲು ಸಾಹೇಬರು ಒಪ್ಪಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಒತ್ತಾಯಿಸಲಿಲ್ಲ.

ಬೀದರಿನಿಂದ ಪತ್ರವೂ ಬಂದಿದೆ. ಗಣಿಗೆ ತಡೆ ಬಿದ್ದಿದೆ. ಅಕ್ಟೋಬರಿನಲ್ಲಿ ತಜ್ಞರ ತಂಡ ದಿನ್ನಿಗೆ ಬರುತ್ತದೆ. ಚಿಟ್ಟೆ ಹಾರುವುದನ್ನು ಕಣ್ಣಾರೆ ಕಂಡು, ಅದೇ ಜಾತಿ ಎಂದು ನಾನು ಸಹಿ ಹಾಕಿದರೆ ದಿನ್ನಿ ಶಾಶ್ವತವಾಗಿ ಉಳಿಯುತ್ತದೆ. ಕುರಿ ಮೇಯಲು ಅಡ್ಡಿಯಿಲ್ಲ, ಕೇಳಿಕೊಂಡಿದ್ದೇನೆ. ನಿಮ್ಮಪ್ಪನಿಗೆ ಹೇಳು.

ನಾನು ಬರುತ್ತಿದ್ದೇನೆ! ಅವ್ವನನ್ನೂ ಕರೆದುಕೊಂಡು ಬರುತ್ತೇನೆ. ಮಗ ಹೆಸರಿಟ್ಟ ಪಾತರಗಿತ್ತಿಯನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕಂತೆ.

ಉತ್ತಮ


ಭಾತಂಬ್ರಾ
15 ಸೆಪ್ಟೆಂಬರ್ 2024

ಉತ್ತಮಣ್ಣನವರಿಗೆ,

ಬನ್ನಿ. ಬರಬೇಡಿ ಎಂದು ಎರಡು ಸಲ ಬರೆದು ಹರಿದೆ.

ದಿನ್ನಿಯ ಮೇಲೆ ನೀಲಿ ಚಿಟ್ಟೆಗಳು ಹಾರುತ್ತಿವೆ. ತಂಡಕ್ಕೆ ನೋಡಲು ಏನೂ ಕೊರತೆಯಾಗುವುದಿಲ್ಲ. ಆಯಿಯನ್ನು ಮಾತ್ರ ಕರೆತರಬೇಡಿ. ಮೊಣಕಾಲು ನೋವಿನವರು, ಏರು ಹತ್ತಲಾರರು.

ಸಿದ್ದೇಶ್ವರಿ


ಠಾಣಾ ಕುಶನೂರ
23 ಅಕ್ಟೋಬರ್ 2024

ಸಿದ್ದೇಶ್ವರಿ,

ನಾಡಿದ್ದು ಕೋಲ್ಕತಾಕ್ಕೆ ಹೊರಡುತ್ತೇನೆ. ಇಲ್ಲಿಂದ ಭಾತಂಬ್ರಾ ಬಸ್ಸಿನ ದಾರಿ, ಎದುರಿಗೆ ಕೂತೇ ಕೇಳಬಹುದಿತ್ತು. ಅವತ್ತು ದಿನ್ನಿಯ ಮೇಲೆ ನೀನು ನನ್ನ ಮುಖ ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಖುಷಿಯಾಗಿದ್ದರು. ತಂಡದವರು ಕಂಟಿಕಂಟಿಗೆ ಮೊಬೈಲ್ ಹಿಡಿದರು. ನಿಮ್ಮಪ್ಪ ಎಲ್ಲರಿಗೂ ಮಜ್ಜಿಗೆ ಕೊಟ್ಟ. ‘ಸಿದ್ದೇಶ್ವರಿ ನೀಲಿಯ ನೆಲೆ’ ಎಂಬ ಫಲಕವನ್ನು ಅವತ್ತೇ ನೆಟ್ಟರು. ನಾನು ಸಹಿ ಹಾಕಿದೆ.

ಇಳಿಯುವಾಗ ನಿನ್ನ ಹಿಂದಿದ್ದ ಕಂಟಿಯ ಮೇಲೆ ಒಂದು ಗಂಡು ಕೂತಿತ್ತು. ರೂಢಿಯ ಕೈ, ಹಿಡಿದು ಎದೆ ಹಿಸುಕಿಬಿಟ್ಟೆ. ತಲೆ ಎತ್ತಿದರೆ ಅವ್ವ. ಬೇಡವೆಂದರೂ ಕೇಳದೆ ಮೊಣಕಾಲು ಊರಿಕೊಂಡು ಹತ್ತಿ ಬಂದಿದ್ದಳಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದಳು.

“ಇದೇನ ನಿನ್ನ ನೌಕರಿ?” ಅಂದಳು.

ಅಷ್ಟೇ. ಅವತ್ತಿನಿಂದ ತಾಟು ಬಡಿಸಿಟ್ಟು ಒಳಗೆ ಹೋಗುತ್ತಾಳೆ. ಬೆಳಗ್ಗೆ ಪಂಚಶೀಲ ಹೇಳುವಾಗ ಮೊದಲನೆಯ ಸಾಲನ್ನೇ ಗಟ್ಟಿಯಾಗಿ ಹೇಳಿ ನಿಲ್ಲಿಸಿಬಿಡುತ್ತಾಳೆ, ನನಗೆ ಕೇಳಲೆಂದೇ.

ಆ ಚಿಟ್ಟೆ ಲಕೋಟೆಯಲ್ಲಿ, ನನ್ನ ಮುಂದೆಯೇ ಇದೆ. ಸಹಿ ಹಾಕಿದಾಗ ಇರದಿದ್ದ ಅನುಮಾನ ಈಗ ಬಂದಿದೆ. ನಿನ್ನ ಸೆಪ್ಟೆಂಬರಿನ ಕಾಗದವನ್ನು ಮತ್ತೆ ಓದಿದೆ. ಮಳೆಗಾಲ ಇನ್ನೂ ಇರುವಾಗಲೇ ಹಾರುತ್ತಿವೆ ಎಂದು ಬರೆದಿದ್ದೀಯ. ನಮ್ಮ ಜಾತಿ ಮಳೆ ಹೋಗದೆ ಹೊರಗೆ ಬರುವುದಿಲ್ಲ ಎಂದು ಹೇಳಿಕೊಟ್ಟವಳು ನೀನು.

ಕೋಲ್ಕತಾಕ್ಕೆ ಹೋಗಿ ಇದನ್ನು ಬಿಡಿಸಿ ನೋಡಬೇಕು. ಅದಕ್ಕೆ ಮೊದಲು ನಿನ್ನ ಬಾಯಿಂದ ಕೇಳಬೇಕು. ಅಲ್ಲಿ ಹಾರುತ್ತಿರುವುದು ಏನು, ಸಿದ್ದೇಶ್ವರಿ?

ಉತ್ತಮ


ಭಾತಂಬ್ರಾ
30 ಅಕ್ಟೋಬರ್ 2024

ಉತ್ತಮಣ್ಣಾ,

ಹೊಲದ ಜಾತಿ. ಬೇಸಿಗೆ ಮುಗಿಯುವುದರೊಳಗೆ ಮೇಲೆ ಬಂದವು. ಮನೆ ಖಾಲಿಯಾಗಿತ್ತು, ಬಂದು ಸೇರಿಕೊಂಡವು.

ನಿಮ್ಮ ಡಿಸೆಂಬರಿನ ಕಾಗದ ಓದಿದ ದಿನವೇ ಭೂತಗನ್ನಡಿ ತೆಗೆದುಕೊಂಡು ದಿನ್ನಿ ಹತ್ತಿದ್ದೆ. ಎಲೆಗಳ ಬುಡದಲ್ಲಿ ಮೊಟ್ಟೆಗಳು ಹಾಗೆಯೇ ಅಂಟಿಕೊಂಡಿದ್ದವು. ಹುಳು ಕೊರೆದು ಹೊರಬಂದ ತೂತು ಒಂದರಲ್ಲೂ ಇರಲಿಲ್ಲ. ಉಗುರು ತಾಗಿಸಿದರೆ ಪುಡಿ. ಕತ್ತಲಾಗುವವರೆಗೂ ಕಂಟಿಯಿಂದ ಕಂಟಿಗೆ ನೋಡಿದೆ. ನಾನು ಉಳಿಸಿದ ಹೆಣ್ಣುಗಳೆಲ್ಲ ಇಟ್ಟ ಮೊಟ್ಟೆಗಳು ಅವು. ಬಿಟ್ಟ ಟಗರುಗಳು ಎಷ್ಟಕ್ಕೆ ಸಾಲಬೇಕು? ಕುರಿಯ ಲೆಕ್ಕವನ್ನು ಚಿಟ್ಟೆಗೆ ಹಾಕಿದೆ, ಅಣ್ಣಾ. ನೀವು ಅದನ್ನು ಓದಿ ನಕ್ಕಿರಿ. ನಕ್ಕಿದ್ದಕ್ಕೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಬೇಸಿಗೆಯೆಲ್ಲ ನಿಮ್ಮ ಹೆಸರು ಹೇಳಿದರೆ ಆಗುತ್ತಿರಲಿಲ್ಲ. ಆಗ ಲೇಖನ ನಿಲ್ಲಿಸಿ ಎಂದು ಬರೆದಿದ್ದರೆ ಯಂತ್ರ ಮೇಲೇರುತ್ತಿತ್ತು. ಬರೆಯಲಿಲ್ಲ. ಅಪ್ಪ ಅದರ ಮುಂದೆ ಮಲಗಿದ್ದ.

ಈಗ ಅಪ್ಪ ಸಂತೋಷವಾಗಿದ್ದಾನೆ. ಫಲಕದ ಮೇಲಿನ ನನ್ನ ಹೆಸರನ್ನು ಬಂದವರಿಗೆಲ್ಲ ಓದಿಸುತ್ತಾನೆ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಂದಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಕುರಿಗೆ ಅದು ಸರಿಯೇ.

ಒಂದು ಆಸೆ ಮಾತ್ರ ಸಾಯಲಿಲ್ಲ. ತಡವಾಗಿ ಒಡೆದ ಕೋಶ ಎಲ್ಲೋ ಒಂದಾದರೂ ಇದ್ದೀತು, ಈ ಹೊಲದವುಗಳ ನಡುವೆ ನಮ್ಮದೂ ಒಂದು ಹಾರುತ್ತಿದ್ದೀತು ಎಂದು. ಕಣ್ಣಿಗೆ ಗುರುತು ಸಿಕ್ಕುವುದಿಲ್ಲವಲ್ಲ. ಹಂಗಾಮು ಶುರುವಾದಾಗಿನಿಂದ ದಿನಾ ಬೆಳಗ್ಗೆ ದಿನ್ನಿ ಹತ್ತಿ ಒಂದು ಗಂಡು ಹಿಡಿಯುತ್ತೇನೆ. ಎದೆ ಹಿಸುಕುತ್ತೇನೆ. ಕಾಲೇಜಿಗೆ ಒಯ್ದು, ನೀವು ಬರೆದ ಹಾಗೆಯೇ ಕುದಿಸಿ, ಬಿಡಿಸಿ ನೋಡುತ್ತೇನೆ. ಪ್ರತಿ ಸಲ ನೆಟ್ಟಗಿನದೇ. ಪ್ರತಿ ಸಲ ಅಳುತ್ತೇನೆ.

ನಿನ್ನೆ ಹಿಡಿದದ್ದನ್ನು ಬೆರಳ ನಡುವೆ ಇಟ್ಟುಕೊಂಡು ಹಾಗೆಯೇ ನಿಂತುಬಿಟ್ಟೆ. ಇದು ನೆಟ್ಟಗಿದ್ದರೆ ಇನ್ನೊಂದು ದಿನ ಹುಡುಕಬೇಕು. ಕುಡುಗೋಲಾಗಿದ್ದರೆ, ಹುಡುಕುತ್ತಿದ್ದದ್ದು ಸಿಕ್ಕಿತು, ಸಿಕ್ಕಿದ್ದನ್ನು ಕೊಂದಾಯಿತು. ಬೆರಳು ಬಿಡಿಸಿದೆ. ಹಾರಿಹೋಯಿತು. ಯಾವುದಿತ್ತೋ ಗೊತ್ತಿಲ್ಲ. ಇನ್ನು ಹತ್ತುವುದಿಲ್ಲ.

ನಿಮ್ಮ ಲಕೋಟೆಯನ್ನು ಬಿಡಿಸಬೇಡಿ. ಅದು ಹೊಲದ್ದಾಗಿದ್ದರೆ ನಿಮ್ಮ ಸಹಿ ಸುಳ್ಳು, ಮತ್ತೆ ಯಂತ್ರ ಬರುತ್ತದೆ. ನಮ್ಮದಾಗಿದ್ದರೆ ಆಯಿ ನೋಡುತ್ತ ನಿಂತಿರುವಾಗ ಕೊನೆಯದನ್ನು ಹಿಸುಕಿದವರು ನೀವು. ಎರಡರಲ್ಲಿ ಯಾವುದನ್ನು ತಿಳಿದುಕೊಂಡು ಬದುಕುತ್ತೀರಿ?

ಆಯಿಯನ್ನು ಮೊನ್ನೆ ನೋಡಿಬಂದೆ. ಜ್ವರವಿಲ್ಲ, ಊಟ ಮಾಡುತ್ತಾರೆ. ನಿಮ್ಮ ಮಾತು ಎತ್ತಲಿಲ್ಲ. ಏಳುವಾಗ ಮಾತ್ರ ಕೇಳಿದರು: “ಆ ಪಾತರಗಿತ್ತಿ ಈಗ ಎಷ್ಟ ಅದಾವವಾ?”

ಬಾಳ ಅದಾವ್ರಿ ಆಯಿ, ಅಂದೆ.

ಸಿದ್ದೇಶ್ವರಿ